ಬೆಂಗಳೂರಿಗೆ ಕಳಿಸುವುದೋ ಬೇಡವೋ

ನನ್ನ ಬಾಯಿ ಜೋರು ಎಂದು ಕೊರಟಗೆರೆಯಲ್ಲಿ ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಹೆಸರು. ಆ ಹೆಸರು ಕಳೆದುಕೊಳ್ಳಲು ನಾನು ಯಾವತ್ತೂ ಪ್ರಯತ್ನಪಟ್ಟವಳಲ್ಲ. ನರ್ಸಿಂಗ್ ಕಲಿತು ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಮೊದಲು ನಮ್ಮೂರು, ಆಮೇಲೆ ಶಿರಾ, ಅಲ್ಲಿಂದ ಪಾವಗಡ, ಕೊನೆಗೆ ಮಧುಗಿರಿ ಎಂದು ನಾಲ್ಕು ತಾಲೂಕಿನ ನೀರು ಕುಡಿದೆ. ಹೋದಲ್ಲೆಲ್ಲ ನೀರು ಗಡುಸು, ಜನ ಮೆದು. ಬೈದರೆ ತಲೆ ತಗ್ಗಿಸಿ ಬೈಸಿಕೊಂಡು, ಮುಂದಿನ ಸಂತೆಗೆ ಬಂದಾಗ ಟವಲಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದು ಕೈಗೆ ಕೊಟ್ಟು ಹೋಗುತ್ತಿದ್ದರು. ಸಂಬಳ ಕೊಟ್ಟದ್ದು ಸರ್ಕಾರವಾದರೂ ನನ್ನನ್ನು ಸಾಕಿದ್ದು ಈ ಜನವೇ ಎಂದು ಈಗ ಕೂತು ಯೋಚಿಸಿದಾಗ ಅನ್ನಿಸುತ್ತದೆ. ಅದರಲ್ಲೂ ಪಾವಗಡದ ಆಚೆಯ ಎರಡು ಮನೆಯವರನ್ನು ನಾನು ಮರೆಯುವಂತಿಲ್ಲ. ಅವರು ನನಗೆ ಮಾಡಿದ ಉಪಕಾರ ಏನು ಎಂದು ಹೇಳಬೇಕಾದರೆ ಮೊದಲು ನನ್ನ ಕೆಲಸ ಎಂಥದು ಎಂದು ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಐವತ್ತರ ದಶಕದಲ್ಲಿ ಮೂತ್ರ ನಿಂತುಹೋದವರಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಹೆರಿಗೆಯಲ್ಲಿ ರಕ್ತ ಹೋಗಿಯೋ, ವಾಂತಿಭೇದಿಯಲ್ಲಿ ಮೈಯ ನೀರೆಲ್ಲ ಬತ್ತಿಯೋ, ಹಾವಿನ ನಂಜೇರಿಯೋ ಮೂತ್ರಪಿಂಡ ಕೆಲಸ ನಿಲ್ಲಿಸಿತು ಎಂದರೆ, ನೀರನ್ನು ಅಳೆದು ಕೊಡಿ, ಉಪ್ಪು ಬೇಡ ಎಂದು ಡಾಕ್ಟರು ಹೇಳುತ್ತಿದ್ದರು. ನಾವು ಅಳೆದು ಕೊಡುತ್ತಿದ್ದೆವು. ಕೆಲವರು ಮೂತ್ರ ತಾನಾಗಿಯೇ ಬಿಟ್ಟುಕೊಂಡು ಬದುಕುತ್ತಿದ್ದರು. ಹಲವರು ಬದುಕುತ್ತಿರಲಿಲ್ಲ. ಮನೆಯವರು ಅತ್ತು, ಹಣೆಯಲ್ಲಿ ಬರೆದದ್ದು ಎಂದುಕೊಂಡು ಗಾಡಿ ಕಟ್ಟುತ್ತಿದ್ದರು. ಅವರ ಸಂಕಟ ಸಣ್ಣದು ಎಂದು ನಾನು ಹೇಳುತ್ತಿಲ್ಲ. ಆದರೆ ನಾವು ಹೀಗೆ ಮಾಡಿದ್ದರೆ, ಹಾಗೆ ಮಾಡಿದ್ದರೆ ಎನ್ನುವ ಮುಳ್ಳು ಆ ಸಂಕಟದಲ್ಲಿ ಇರುತ್ತಿರಲಿಲ್ಲ. ಮಾಡುವುದಕ್ಕೆ ಏನೂ ಇರಲಿಲ್ಲವಲ್ಲ.

ಅರವತ್ತರ ದಶಕದ ಕೊನೆಕೊನೆಗೆ ಆ ಮುಳ್ಳು ಬಂತು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಎನ್ನುವುದನ್ನು ಮಾಡುತ್ತಿದ್ದಾರೆ ಎಂದು ಮಧುಗಿರಿಗೆ ಹೊಸದಾಗಿ ಬಂದ ಡಾಕ್ಟರು ಹೇಳಿದರು. ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಹೊಟ್ಟೆಗೆ ಸಣ್ಣ ಕೊಳವೆ ಇಟ್ಟು ಔಷಧಿಯ ನೀರು ಬಿಡುತ್ತಾರೆ, ಸ್ವಲ್ಪ ಹೊತ್ತು ನಿಲ್ಲಿಸಿ ಹೊರಗೆ ತೆಗೆಯುತ್ತಾರೆ, ಮೈಯಲ್ಲಿ ನಿಂತ ಕಲ್ಮಷ ಆ ನೀರಿನ ಜೊತೆ ಬರುತ್ತದೆ; ಅಷ್ಟರೊಳಗೆ ಮೂತ್ರಪಿಂಡ ಸುಧಾರಿಸಿಕೊಂಡರೆ ಮನುಷ್ಯ ಉಳಿದ. ಸುಧಾರಿಸಿಕೊಳ್ಳದಿದ್ದರೆ ಇಲ್ಲ. ಇದನ್ನೆಲ್ಲ ಅವರು ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಒಳ್ಳೆಯ ಡಾಕ್ಟರು, ಒಳ್ಳೆಯ ಕೈ, ಗರ್ವವಿಲ್ಲದ ಮನುಷ್ಯ. ರೋಗಿಯ ಮನೆಯವರ ಮುಂದೆ ನಿಂತಾಗ ಮಾತ್ರ ಅವರಿಗೆ ಏನಾಗುತ್ತಿತ್ತೋ, ಪಾಠ ಒಪ್ಪಿಸುವ ಹಾಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ "ನಿರ್ಧಾರ ನಿಮ್ಮದು" ಎಂದು ಕೋಣೆಯೊಳಕ್ಕೆ ಹೋಗಿಬಿಡುತ್ತಿದ್ದರು.

ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನಿರ್ಧಾರ ನಿಮ್ಮದು ಎಂದರೆ ಯಾರದು? ವರಾಂಡದಲ್ಲಿ ಒಂದು ಹಿಂಡು ನೆಂಟರು ಇರುತ್ತಾರೆ. ಎಲ್ಲರಿಗಿಂತ ಜೋರಾಗಿ ಮಾತಾಡುವವನು ರೋಗಿಗೆ ಎಲ್ಲರಿಗಿಂತ ದೂರದವನಾಗಿರುತ್ತಾನೆ. ಹತ್ತಿರದವರು ಗೋಡೆಗೆ ಒರಗಿ ಕೂತಿರುತ್ತಾರೆ. ಹಾಗಾಗಿ ಮನೆಯವರ ಹತ್ತಿರ ಕೂತು ಮಾತಾಡುವ ಕೆಲಸ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂತು. ಡಾಕ್ಟರು ಇದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. ಬದುಕಿಕೊಂಡೆ ಎನ್ನುವ ಮುಖ ಮಾಡಿದರು.

ಮಾತಾಡುವ ರೀತಿಯನ್ನು ನಾನು ಕಲಿತದ್ದು ಶಿರಾದಲ್ಲಿ. ಅಲ್ಲಿ ಮುಸಲ್ಮಾನರ ಮನೆಗಳಿಗೆ ಹೆರಿಗೆ, ಬಾಣಂತನ ಎಂದು ಹೋಗುತ್ತಿದ್ದೆ. ಮುಂದಿನ ಕೋಣೆಯಲ್ಲಿ ಗಂಡಸರು, ಪರದೆಯ ಹಿಂದೆ ಹೆಂಗಸರು. ಮುಂದೆ ಒಂದು ಮಾತು ನಡೆಯುತ್ತಿದ್ದರೆ ಹಿಂದೆ ಇನ್ನೊಂದು. ಎರಡೂ ಕಡೆ ಓಡಾಡುವ ಹಕ್ಕು ಇದ್ದವಳು ನಾನೊಬ್ಬಳೇ. ಎಲ್ಲರನ್ನೂ ಎದುರುಬದುರು ಕೂರಿಸಿದರೆ ಯಾರೂ ಮನಸ್ಸಿನಲ್ಲಿದ್ದದ್ದನ್ನು ಹೇಳುವುದಿಲ್ಲ, ಒಬ್ಬೊಬ್ಬರನ್ನೇ ಕೇಳಿದರೆ ಹೇಳುತ್ತಾರೆ ಎಂದು ಆಗ ತಿಳಿಯಿತು. ನನ್ನ ಗಂಡ ಮಧುಗಿರಿಯ ಕೋರ್ಟಿನಲ್ಲಿ ಗುಮಾಸ್ತರು. "ನಮ್ಮ ಕೋರ್ಟಿನಲ್ಲಿ ಹಿಂಗೆ ಮಾಡಿದರೆ ಕೆಲಸದಿಂದ ತೆಗೀತಾರೆ" ಎಂದು ಅವರು ನಗುತ್ತಿದ್ದರು. "ಅದಕ್ಕೇ ನಿಮ್ಮ ಕೋರ್ಟಿನಲ್ಲಿ ಯಾರೂ ನಿಜ ಹೇಳಲ್ಲ" ಎಂದು ನಾನೂ ಬಿಡುತ್ತಿರಲಿಲ್ಲ.

ನಾನು ಹೇಳಿದ ಆ ಎರಡು ಮನೆಯವರು ಬಂದದ್ದು ಕಡಲೆಕಾಯಿ ಕೀಳುವ ಕಾಲದಲ್ಲಿ. ವೈ.ಎನ್. ಹೊಸಕೋಟೆ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿಯನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದರು. ಹುಡುಗಿ ಎಂದರೆ ಮದುವೆಯಾಗಿದೆ, ಎದೆಹಾಲು ಕುಡಿಯುವ ಗಂಡು ಕೂಸಿದೆ. ನನ್ನ ಕಣ್ಣಿಗೆ ಹುಡುಗಿಯೇ. ಹೊಲದಲ್ಲಿ ಗಿಡ ಕಿತ್ತು ಹಾಕಿದ್ದ ಗುಡ್ಡೆಯ ಕೆಳಗೆ ಕೊಳಕುಮಂಡಲ ಮಲಗಿತ್ತು. ನಮ್ಮ ಕಡೆ ಹಾವು ಕಚ್ಚಿತು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. ಪಾವಗಡದಲ್ಲಿ ಇಂಜೆಕ್ಷನ್ ಸಿಕ್ಕಿ, ರಕ್ತ ಸೋರುವುದು ನಿಂತು, ಕಾಲಿನ ಬಾವೂ ಇಳಿದಿತ್ತು. ಗಂಡನ ಮನೆಯವರು ದೇವರಿಗೆ ಕಾಯಿ ಒಡೆಸಿಯೂ ಆಗಿತ್ತು. ಆಮೇಲೆ ನೋಡಿದರೆ ಮುಖ ಊದಿಕೊಂಡಿದೆ, ತಿಂದದ್ದು ನಿಲ್ಲುತ್ತಿಲ್ಲ, ಒಂದಕ್ಕೆ ಹೋಗಿಯೇ ಇಲ್ಲ. ಆಗ ದಿಕ್ಕು ತೋಚದೆ ಮಧುಗಿರಿಗೆ ಬಂದರು.

ಜೊತೆಗೆ ಬಂದವರು ಗಂಡ ಮತ್ತು ಅತ್ತೆ. ಗಂಡ ಮಾತು ಕಡಿಮೆಯ ಹುಡುಗ. ಅತ್ತೆ ವಿಧವೆ, ನಾಲ್ಕಾಳಿನ ಕೆಲಸ ಒಬ್ಬಳೇ ಮಾಡುವಂಥ ಗಟ್ಟಿ ಹೆಂಗಸು, ಅರ್ಧ ಕನ್ನಡ ಅರ್ಧ ತೆಲುಗು ಮಾತು, ತಾಯಿ ಎನ್ನುವುದಕ್ಕೆ ತಲ್ಲಿ ಎನ್ನುವಳು. ಮುಂದಿನ ಬಸ್ಸಿಗೆ ಹುಡುಗಿಯ ತಂದೆ ಬಂದ. ಕೂಸನ್ನು ಅದರ ಅಜ್ಜಿಯ, ಎಂದರೆ ತನ್ನ ಹೆಂಡತಿಯ ಹತ್ತಿರ ಬಿಟ್ಟು, ಒಂದು ಗೋಣಿಚೀಲದ ತುಂಬ ಎಳನೀರು ಹೊತ್ತು ತಂದಿದ್ದ. ಒಂದಕ್ಕೆ ಆಗದಿದ್ದರೆ ಉಷ್ಣ, ಉಷ್ಣಕ್ಕೆ ಎಳನೀರು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾನು ವಾರ್ಡಿಗೆ ಬಂದಾಗ ಆತ ಮಗಳ ತಲೆಯೆತ್ತಿ ಕುಡಿಸಲು ಹೊರಟಿದ್ದ. ನಾನು ಕಿತ್ತುಕೊಂಡೆ.

"ಉಷ್ಣಕ್ಕೆ ಕಣಮ್ಮ. ಬಾಯಾರಿಕೆ ಅಂತ ಒದ್ದಾಡ್ತಾವ್ಳೆ" ಎಂದ.

"ಒಳಗೆ ಹೋದದ್ದು ಹೊರಗೆ ಬರ್ತಾ ಇಲ್ಲ, ಅದೇ ಅವಳ ಕಾಯಿಲೆ. ಎಳನೀರಲ್ಲಿ ಇರೋ ಸತ್ವ ಈಗ ಅವಳ ಎದೆಗೇ ಪೆಟ್ಟು. ಕುಡಿಸಿದರೆ ಗುಂಡಿಗೆ ನಿಂತುಹೋಗುತ್ತೆ. ತಿಳೀತಾ?"

ಆತ ನನ್ನ ಕೈಯಲ್ಲಿದ್ದ ಎಳನೀರನ್ನು, ಆಮೇಲೆ ಮಗಳ ಬಾಯನ್ನು ನೋಡಿದ. ಚೀಲ ಎತ್ತಿಕೊಂಡು ಹೋಗಿ ವಾರ್ಡಿನಲ್ಲಿದ್ದ ಮಿಕ್ಕವರಿಗೆಲ್ಲ ಒಂದೊಂದು ಕೆತ್ತಿ ಕೊಟ್ಟು ಬಂದ. ಮಗಳ ತುಟಿಗೆ ಒದ್ದೆ ಬಟ್ಟೆ ಒತ್ತುವುದು ಹೇಗೆ ಎಂದು ತೋರಿಸಿಕೊಟ್ಟೆ. ಅದನ್ನೇ ಮಾಡುತ್ತ ಕೂತ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಬೆಳಗಿನ ರೌಂಡ್ಸ್ ಮುಗಿಸಿ ಡಾಕ್ಟರು ಮನೆಯವರನ್ನು ವರಾಂಡಕ್ಕೆ ಕರೆದರು. ಇಲ್ಲಿ ಇಟ್ಟುಕೊಂಡರೆ ಉಳಿಯುವ ಸಾಧ್ಯತೆ ತೀರಾ ಕಡಿಮೆ ಎಂದರು. ಬೆಂಗಳೂರಿನಲ್ಲಿ ಡಯಾಲಿಸಿಸ್ ಮಾಡಿದರೆ ಉಳಿಯಬಹುದು, ಉಳಿಯದೆಯೂ ಇರಬಹುದು, ದಾರಿಯಲ್ಲೇ ಹೋಗಿಬಿಡಲೂಬಹುದು ಎಂದರು. ಸಂಜೆಯೊಳಗೆ ಹೊರಟರೆ ಮಾತ್ರ ಪ್ರಯೋಜನ ಎಂದರು. ನಿರ್ಧಾರ ನಿಮ್ಮದು ಎಂದರು. ಕೋಣೆಯೊಳಕ್ಕೆ ಹೋದರು.

ಹೋಗುವುದಕ್ಕೆ ಗಾಡಿಯೂ ಇರಲಿಲ್ಲ. ಆಸ್ಪತ್ರೆಯ ಜೀಪು ಶೆಡ್ಡಿನಲ್ಲಿ ಕಲ್ಲಿನ ಮೇಲೆ ಕೂತು ಬಹಳ ಕಾಲವಾಗಿತ್ತು. ಆದರೆ ಆವತ್ತು ಶಿರಾದಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ಸಾಹೇಬರು ಮಧುಗಿರಿಗೆ ಕಡಲೆಕಾಯಿ ತುಂಬಿಸಿಕೊಳ್ಳಲು ಲಾರಿ ತಂದಿದ್ದಾರೆ ಎಂದು ನನಗೆ ಗೊತ್ತಿತ್ತು. ಅವರ ಮಗಳ ಎರಡು ಬಾಣಂತನಕ್ಕೂ ನಾನೇ ಹೋಗಿದ್ದವಳು. ಹೇಳಿ ಕಳಿಸಿದೆ. ಅವರೇ ಬಂದರು. ಬಿಳಿ ಗಡ್ಡ, ಬಿಳಿ ಟೋಪಿ, ಪೈಜಾಮದ ತುಂಬ ಕಡಲೆಕಾಯಿಯ ಧೂಳು. ಲಾರಿ ಮಧ್ಯಾಹ್ನದ ಮೇಲೆ ಬೆಂಗಳೂರಿಗೇ ಹೊರಡುವುದಿತ್ತು. ವಿಷಯ ಕೇಳಿ, ಅರ್ಧ ಮೂಟೆಗಳನ್ನು ಇಳಿಸಿ ಜಾಗ ಮಾಡಿಸುತ್ತೇನೆ ಎಂದರು. "ಮಾಲ್ ಇವತ್ತಲ್ಲ ನಾಳೆ ಹೋಗ್ತದೆ ಅಮ್ಮಾ. ಜಾನ್ ಹಂಗಲ್ಲ. ನೀವು ಜಲ್ದಿ ತಯಾರ್ ಮಾಡಿಸಿ" ಎಂದು ಹೇಳಿ ಹೋಗಿ, ಸ್ವಲ್ಪ ಹೊತ್ತಿಗೆ ಲಾರಿಯನ್ನು ಗೇಟಿನ ಹತ್ತಿರ ತಂದು ನಿಲ್ಲಿಸಿದರು. ಖಾಲಿ ಚೀಲಗಳನ್ನು ಒಂದರ ಮೇಲೊಂದು ಹಾಸಿ ಹಾಸಿಗೆ ಮಾಡಿದ್ದರು.

ಇಷ್ಟಾದರೂ ವರಾಂಡದಲ್ಲಿ ಏನೂ ನಡೆದಿರಲಿಲ್ಲ. ಹುಡುಗಿಯ ತಂದೆ ಕಂಬದ ಈ ಕಡೆ, ಅತ್ತೆ ಆ ಕಡೆ.

"ಏನ್ ಮಾಡೋಣ ಅಂತೀರಿ?" ಎಂದು ಕೇಳಿದೆ.

"ನಮ್ದೇನೈತಮ್ಮ" ಎಂದ ತಂದೆ. "ಕೊಟ್ಟ ಮೇಲೆ ಅವ್ರ ಮನೆ ಮಗ್ಳು. ಬೀಗ್ರು ಹೆಂಗೆ ಹೇಳ್ತಾರೋ ಅಂಗೆ."

"ಅಂಗನ್ನಬಾರ್ದು. ಹೆತ್ತೋರು ಅವ್ರು, ಸಾಕ್ದೋರು ಅವ್ರು" ಎಂದಳು ಅತ್ತೆ. "ಅವ್ರಪ್ಪ ಹೆಂಗೆ ಹೇಳಿದ್ರೆ ಅಂಗೆ."

"ಇಲ್ಲ ಇಲ್ಲ, ನೀವು ಹೇಳ್ಬೇಕು."

"ನಾವ್ ಹೇಳಾದು ಧರ್ಮ ಅಲ್ಲ. ನೀವೇ ಹೇಳಿ."

ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ನೀವು ಕೂರಿ, ನೀವು ಕೂರಿ ಎಂದು ಬೀಗರು ಬೀಗರು ಎಳೆದಾಡುವುದನ್ನು ನೋಡಿದ್ದೇನೆ. ಇದು ಅದೇ ಮರ್ಯಾದೆ. ಸಂಬಂಧ ಹೊಸದು, ಎರಡೂ ಕಡೆಯವರೂ ಮಾನವಂತರು, ಒಬ್ಬರ ಮಾತಿಗೆ ಒಬ್ಬರು ಎದುರಾಡಬಾರದು ಎಂದು ಜೋಪಾನ ಮಾಡುತ್ತಿದ್ದರು. ಆ ಜೋಪಾನದಲ್ಲಿ ಒಳಗೆ ಮಲಗಿದ್ದವಳ ಹೊತ್ತು ಹೋಗುತ್ತಿತ್ತು. ಗಂಡನನ್ನು ಕೇಳಿದರೆ, "ದೊಡ್ಡೋರು ಅವ್ರಲ್ಲ" ಎಂದು ಹೆಬ್ಬೆರಳಿನಲ್ಲಿ ನೆಲ ಕೆರೆದ. ಹೊರಗೆ ಊರ ಮೇಲಿನ ಕಲ್ಲುಬೆಟ್ಟ ಕಾದು ಅಂಗಳಕ್ಕೆಲ್ಲ ಝಳ ಹೊಡೆಯುತ್ತಿತ್ತು. ಮೂವರನ್ನೂ ಹಿಡಿದು ಅಲ್ಲಾಡಿಸಬೇಕು ಎನ್ನುವಷ್ಟು ಕೋಪ ಬಂತು. ಅದನ್ನು ನುಂಗಿಕೊಂಡೆ. ನುಂಗಿಕೊಳ್ಳುವುದು ನನಗೆ ರೂಢಿಯಿಲ್ಲದ ಕೆಲಸ.

ತಂದೆಯನ್ನು ಕೈಕಾಲು ತೊಳೆದುಕೊಳ್ಳುವ ನೆಪ ಹೇಳಿ ಹಿಂದಿನ ಬಾವಿಯ ಹತ್ತಿರ ಕರೆದುಕೊಂಡು ಹೋದೆ. ನೀರು ಸೇದಿ ಕೊಟ್ಟು, "ಬೀಗರ ಮಾತು ಆ ಕಡೆ ಇರಲಿ. ನಿಮ್ಮ ಮನಸ್ಸಿನಲ್ಲಿ ಏನಿದೆ?" ಎಂದೆ.

ಆತ ಮುಖಕ್ಕೆ ನೀರು ಹಾಕಿಕೊಂಡ, ಮತ್ತೆ ಹಾಕಿಕೊಂಡ. "ಕರ್ಕೊಂಡು ಹೋಗಾಣ ಅಂತ ಜೀವ ಬಡ್ಕತೈತೆ ಕಣಮ್ಮ. ಆದ್ರೆ ನಾನು ಹೋಗಾಣ ಅಂದು, ದಾರೀನಾಗೆ ಏನಾರ ಆಗ್ಬುಟ್ರೆ, ಸೊಸೇನ ಮನೆ ಬಾಗ್ಲಲ್ಲಿ ಸಾಯಾಕೂ ಬುಡ್ಲಿಲ್ಲ ಅವ್ರಪ್ಪ ಅಂತಾರೆ. ನಾಳೆ ಆ ಕೂಸ್ನ ಎತ್ಕಣಾಕೆ ಯಾವ್ ಮಕ ಇಟ್ಕೊಂಡು ಹೋಗ್ಲಿ?"

ಅತ್ತೆಯನ್ನು ಡ್ರೆಸಿಂಗ್ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದೆ. ಆಕೆ ಮೊದಲು ಕೇಳಿದ್ದು, ಹೊಟ್ಟೆ ಕೊಯ್ಯುತ್ತಾರಾ ಎಂದು. ಕೊಯ್ಯುವುದಿಲ್ಲ, ಕೊಳವೆ ಹೋಗುವಷ್ಟು ಸಣ್ಣ ತೂತು ಎಂದೆ. ನೀರು ಬಿಡುವುದು, ನಿಲ್ಲಿಸುವುದು, ತೆಗೆಯುವುದು, ಮತ್ತೆ ಬಿಡುವುದು ಎಲ್ಲ ಹೇಳಿದೆ. ಗಮನವಿಟ್ಟು ಕೇಳಿದಳು.

"ಹೊಸ ಸೀರೆ ಬಣ್ಣ ಬಿಡಾಗಂಟ ಜಾಲಿಸ್ದಂಗೆ" ಎಂದಳು.

"ಹಂಗೇ."

"ಸೀರೆ ಉಳೀತೈತಾ?"

ನಾನು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ. ಇಲ್ಲೇ ಇದ್ದರೆ ಉಳಿಯಲ್ಲ ಅನ್ನೋದು ಮಾತ್ರ ಗೊತ್ತು. ಅಲ್ಲಿ ಹೋದರೆ ಉಳಿಯಬಹುದು. ಉಳಿಯದೆಯೂ ಇರಬಹುದು, ದಾರಿಯಲ್ಲೇ ಸಾಯಲೂಬಹುದು."

"ನಿನ್ ಮಗ್ಳಾಗಿದ್ರೆ ಏನ್ ಮಾಡ್ತಿದ್ದೆ ತಲ್ಲೀ?"

"ಇಷ್ಟು ಹೊತ್ತಿಗೆ ಲಾರಿ ಹತ್ತಿಸ್ತಿದ್ದೆ."

ಆಕೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. "ನನ್ಗೇನ್ ಆಸೆ ಇಲ್ವಾ? ಮನೆಗೆ ಬಂದಾಗಿಂದ ಒಂದು ದಿನ ಎದುರಾಡ್ದೋಳಲ್ಲ. ನನ್ನ ತಲೆ ಬಾಚಾಳು ಅವ್ಳೇ. ಆದ್ರೆ ನಾನು ಹೂಂ ಅಂದು, ಅದೇನಾರ ಹೆಚ್ಚುಕಮ್ಮಿ ಆದ್ರೆ, ಹೊಟ್ಟೆ ತೂತು ಮಾಡ್ಸಿ ಸೊಸೇನ ಕೊಂದ್ಬುಟ್ಲು ಅತ್ತೆ ಅಂತದೆ ಊರು. ಅವ್ರಪ್ಪ ಒಂದು ಮಾತಂದ್ರೆ ಸಾಕು, ನಾನೇ ಹೆಗಲ ಮೇಲೆ ಹೊತ್ಕೊಂಡು ಹೋಯ್ತೀನಿ."

ಇಬ್ಬರ ಮನಸ್ಸಿನಲ್ಲಿ ಇದ್ದದ್ದೂ ಒಂದೇ. ಇಬ್ಬರೂ ಬೆದರಿದ್ದೂ ಒಂದಕ್ಕೇ. ಇನ್ನು ಉಳಿದದ್ದು ಹುಡುಗಿ. ಆಕೆಯನ್ನು ಯಾರೂ ಕೇಳಿರಲಿಲ್ಲ. ಹೋಗಿ ಕೆನ್ನೆ ತಟ್ಟಿ ಎಬ್ಬಿಸಿದೆ. ಮಂಪರಿನಲ್ಲಿದ್ದಳು, ಆದರೆ ಮಾತು ತಿಳಿಯುತ್ತಿತ್ತು. ಬೆಂಗಳೂರಿಗೆ ಹೋಗಬೇಕು, ಹೀಗೆ ಹೀಗೆ ಮಾಡುತ್ತಾರೆ, ನೋವಾಗುತ್ತದೆ, ವಾಸಿಯಾಗಬಹುದು, ಹೋಗುತ್ತೀಯಾ ಎಂದೆ. ಊದಿದ ರೆಪ್ಪೆಗಳನ್ನು ಕಷ್ಟಪಟ್ಟು ತೆರೆದು ನನ್ನನ್ನು ನೋಡಿದಳು.

"ಅತ್ತಮ್ಮ ಏನಂತಾರೆ?"

ಅವಳೂ ಕಾಯುತ್ತಿದ್ದಳು. ಸಾವಿನ ಬಾಗಿಲಲ್ಲಿ ಮಲಗಿಕೊಂಡು, ಒಳ್ಳೆಯ ಮನೆಯ ಸೊಸೆ, ದೊಡ್ಡವರ ಒಪ್ಪಿಗೆಗೆ ಕಾಯುತ್ತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಅತ್ತಮ್ಮನೂ ಹೂಂ ಅಂದ್ರು, ನಿಮ್ಮಪ್ಪನೂ ಹೂಂ ಅಂದ್ರು. ನೀನು ಹೇಳು."

"ಹೋಯ್ತೀನಿ" ಎಂದಳು. "ಕೂಸ್ನ ನೋಡ್ಬೇಕು."

ನಾನು ವರಾಂಡಕ್ಕೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬಾವಿಯ ಹತ್ತಿರ ಆಡಿದ ಮಾತನ್ನೂ ಕೋಣೆಯಲ್ಲಿ ಆಡಿದ ಮಾತನ್ನೂ ಹೊರಗೆ ಹಾಕಲಿಲ್ಲ. ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರ ಮುಂದೆ ಹಾಕಿದರೆ ಆಮೇಲೆ ಯಾರೂ ನನಗೆ ಏನೂ ಹೇಳುವುದಿಲ್ಲ. "ಯಾರೂ ಏನೂ ಹೇಳಬೇಡಿ. ನಾನು ಹೇಳ್ತಾ ಇದೀನಿ. ಕರ್ಕೊಂಡು ಹೋಗಿ. ಆ ಹುಡುಗಿ ಹೂಂ ಅಂದಿದಾಳೆ. ಏನಾದರೂ ಹೆಚ್ಚುಕಡಿಮೆ ಆದರೆ ಮಧುಗಿರಿ ನರ್ಸಮ್ಮ ಕಳಿಸಿದಳು ಅಂತ ಊರಲ್ಲಿ ಹೇಳಿ. ಎಲ್ಲಾ ನನ್ನ ತಲೆ ಮೇಲೆ ಹಾಕಿ."

ತಂದೆ ಅತ್ತೆಯ ಮುಖ ನೋಡಿದ, ಅತ್ತೆ ತಂದೆಯ ಮುಖ ನೋಡಿದಳು. ಇಬ್ಬರೂ ಒಟ್ಟಿಗೇ ಎದ್ದರು. ಗಂಡ ಒಳಗೆ ಹೋಗಿ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಯಾರ ಸಹಾಯಕ್ಕೂ ಕಾಯಲಿಲ್ಲ. ಲಾರಿಯಲ್ಲಿ ಹುಡುಗಿಯ ತಲೆಯನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡಳು, ಕಾಲನ್ನು ತಂದೆ ಹಿಡಿದುಕೊಂಡ. ಸಾಹೇಬರು ಡ್ರೈವರಿಗೆ, ಹೊಂಡ ಕಂಡ ಕಡೆ ನಿಧಾನ, ರಸ್ತೆ ಕಂಡ ಕಡೆ ಜೋರು ಎಂದು ಹೇಳಿದರು. ತಾವು ಕೆಳಗೆ ನಿಂತು, ಇಳಿಸಿದ ಮೂಟೆಗಳ ಹತ್ತಿರ ಉಳಿದುಕೊಂಡರು.

ಲಾರಿ ಹೋದ ಮೇಲೆ ಡಾಕ್ಟರು ನನ್ನನ್ನು ಕರೆದರು. "ನೀವು ಹೀಗೆ ನಿಮ್ಮ ಮೇಲೆ ಹಾಕಿಕೊಳ್ಳಬಾರದಿತ್ತು. ಆಗಬಾರದ್ದು ಆದರೆ?"

"ನೀವು ಹೇಳಿದರೆ ಸರ್ಕಾರ ಹೇಳಿದ ಹಾಗೆ, ಬೈಯುವಂತಿಲ್ಲ ಸಾರ್. ನಾನು ಹೇಳಿದರೆ, ಬೈದುಕೊಳ್ಳುವುದಕ್ಕೆ ಅವರಿಗೆ ಒಬ್ಬಳು ಹೆಂಗಸು ಸಿಗುತ್ತಾಳೆ" ಎಂದೆ. ಜೋರಾಗಿಯೇ ಅಂದೆ. ಆದರೆ ಮನೆಗೆ ಬಂದು ಅನ್ನ ಕಲಸಿದವಳು ಹಾಗೇ ಎದ್ದೆ. ಅವರು ಬೈದುಕೊಳ್ಳುವುದು ಇರಲಿ, ಬೈದುಕೊಳ್ಳುವಂಥದ್ದು ಆದರೆ ಎಂದು ಹೆದರಿಕೆ ಹತ್ತಿತ್ತು. ನನ್ನ ಗಂಡ ಏನೂ ತಮಾಷೆ ಮಾಡಲಿಲ್ಲ.

ಬೆಂಗಳೂರಿನಿಂದ ಸುದ್ದಿ ಬರುವುದು ಆಗ ಸುಲಭವಿರಲಿಲ್ಲ. ಲಾರಿಯ ಡ್ರೈವರು ತಿರುಗಿ ಬಂದಾಗ, ಹುಡುಗಿ ಜೀವಂತ ತಲುಪಿದಳು, ಒಳಗೆ ಸೇರಿಸಿಕೊಂಡರು ಎಂದು ಸಾಹೇಬರು ಹೇಳಿ ಕಳಿಸಿದರು. ಅಷ್ಟೇ. ಆಮೇಲೆ ಬಹಳ ದಿನ ಏನೂ ಇಲ್ಲ. ಏನೂ ಇಲ್ಲದ್ದೇ ಒಳ್ಳೆಯದು ಎಂದುಕೊಂಡೆ. ತುಮಕೂರಿನ ಬಸ್ಸು ಬಂದ ಸದ್ದಾದಾಗಲೆಲ್ಲ ಕಿಟಕಿಗೆ ಹೋಗಿ ನೋಡುವ ಅಭ್ಯಾಸವಾಯಿತು.

ಒಂದು ದಿನ ಮಧ್ಯಾಹ್ನ ಅವರು ಗೇಟಿನಲ್ಲಿ ಕಂಡರು. ತಂದೆ, ಅತ್ತೆ, ಹಿಂದೆ ಗಂಡ. ಅತ್ತೆಯ ಸೊಂಟದ ಮೇಲೆ ಕೂಸು. ಗಂಡ ತಲೆ ಬೋಳಿಸಿಕೊಂಡಿದ್ದ. ಅದನ್ನು ನೋಡಿದ ಮೇಲೆ ನನಗೆ ಬೇರೇನೂ ತಿಳಿಯಬೇಕಾಗಿರಲಿಲ್ಲ. ಕೈಯಲ್ಲಿದ್ದ ಟ್ರೇ ಅಲ್ಲೇ ಇಟ್ಟೆ. ಅವರು ಒಳಗೆ ಬಂದು ನನ್ನನ್ನು ಯಾಕೆ ಹುಡುಕಬೇಕು, ಬೈಯಲು ಬಂದಿದ್ದರೆ ಎದುರಿಗೇ ಬೈಯಲಿ ಎಂದು ಮೆಟ್ಟಿಲ ಹತ್ತಿರ ಹೋಗಿ ನಿಂತೆ.

ಅತ್ತೆ ಮೆಟ್ಟಿಲ ಮೇಲೆ ಕೂತು ನೀರು ಕೇಳಿದಳು. ತಂದು ಕೊಟ್ಟೆ. ಕೂಸಿಗೆ ಒಂದು ಗುಟುಕು ಕುಡಿಸಿ ತಾನೂ ಕುಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಹೊಟ್ಟೆಗೆ ನೀರು ಬಿಟ್ಟು ತೆಗೆದ ಮೇಲೆ ಮುಖದ ಬಾವು ಇಳಿಯಿತಂತೆ. ಕಣ್ಣು ಬಿಟ್ಟು ಎಲ್ಲರನ್ನೂ ಗುರುತು ಹಿಡಿದಳಂತೆ. ಕೂಸನ್ನು ಅಜ್ಜಿ ಬಸ್ಸಿನಲ್ಲಿ ಕರೆತಂದು ಪಕ್ಕದಲ್ಲಿ ಮಲಗಿಸಿದಾಗ ಅದರ ಕಾಲುಬೆರಳುಗಳನ್ನು ಹಿಡಿದುಕೊಂಡೇ ಮಲಗುತ್ತಿದ್ದಳಂತೆ. "ಒಂದಕ್ಕೂ ಒಸಿ ಹೋಗಿದ್ಲು ಕಣಮ್ಮ. ಬದುಕ್ತಾಳೆ ಅಂತ್ಲೇ ನಾವ್ ಅಂದ್ಕೊಂಡಿದ್ವಿ." ಆಮೇಲೆ ಜ್ವರ ಬಂತು. ಹೊಟ್ಟೆಯೊಳಗೆ ಕೀವಾಗಿದೆ ಎಂದರು. ಜ್ವರ ಇಳಿಯಲಿಲ್ಲ. ಅಲ್ಲೇ ಬೆಂಗಳೂರಿನಲ್ಲೇ ಮಣ್ಣು ಮಾಡಿ, ಊರಿಗೆ ಹೋಗುವ ದಾರಿಯಲ್ಲಿ ಮಧುಗಿರಿಯಲ್ಲಿ ಇಳಿದಿದ್ದರು.

"ನಾನು ಕಳಿಸಬಾರದಿತ್ತೇನೋ" ಎಂದೆ.

ಅತ್ತೆ ಲೋಟ ಕೆಳಗಿಟ್ಟಳು. "ಅದ್ಕೇ ಇಳ್ದಿದ್ದು ನಾವು. ನೀನು ಕಳ್ಸಿದ್ದಲ್ಲ. ನಾನು ಹೂಂ ಅಂದೆ, ಅದ್ಕೆ ಹೋದ್ವಿ. ಅವತ್ತು ಆ ಕೋಣೇನಾಗೆ ಅಂದೆ, ಇವತ್ತು ಎಲ್ರ ಮುಂದೆ ಅಂತೀನಿ. ಊರ್ನಾಗೂ ಅಂಗೇ ಹೇಳ್ತೀನಿ."

"ಅದೆಂಗಮ್ಮ ಅಂತೀರಿ" ಎಂದ ತಂದೆ. ಬೀಗಿತ್ತಿಯ ಮಾತಿಗೆ ಆತ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಹೆತ್ತೋನು ನಾನು. ನನ್ನ ಮಗ್ಳನ್ನ ನಾನು ಕರ್ಕೊಂಡು ಹೋದೆ. ನಿಮ್ಗ್ಯಾಕೆ ಆ ಮಾತು? ನಾಳೆ ನಿಮ್ಮನ್ನ ಅತ್ತೆ ಅಂತ ಆಡ್ಕತಾರೆ."

"ಆಡ್ಕಳ್ಳಿ. ನಿಮ್ಮನ್ನ ಆಡ್ಕಂಡ್ರೆ ಈ ಕೂಸು ನಾಳೆ ನಿಮ್ಮನೆಗೆ ಹೆಂಗೆ ಬರ್ಬೇಕು? ನಾನೇ ಅಂದಿದ್ದು."

"ನಾನಮ್ಮ."

"ನಾನು ಅಂತ ಹೇಳ್ಲಿಲ್ವಾ?"

ದನಿ ಏರಿತು. ವಾರ್ಡಿನಿಂದ ನಾಲ್ಕು ಜನ ಹೊರಗೆ ಬಂದು ನೋಡಿದರು, ಡಾಕ್ಟರೂ ಬಾಗಿಲಿಗೆ ಬಂದರು. ಅಂದು ಇದೇ ವರಾಂಡದಲ್ಲಿ ನೀವು ಹೇಳಿ, ನೀವು ಹೇಳಿ ಎಂದವರು ಈಗ ನಾನು ಹೇಳಿದ್ದು, ನಾನು ಹೇಳಿದ್ದು ಎಂದು ಕಿತ್ತಾಡುತ್ತಿದ್ದರು. ನಾನು ಅತ್ತುಬಿಟ್ಟೆ. ಎಲ್ಲರ ಎದುರಿಗೆ, ಸೆರಗಿನಲ್ಲಿ ಮುಖವನ್ನೂ ಮುಚ್ಚಿಕೊಳ್ಳದೆ.

ಗಂಡ ಅದುವರೆಗೂ ದೂರ ನಿಂತಿದ್ದವನು ಹತ್ತಿರ ಬಂದ. "ನಾನೂ ಹೂಂ ಅಂದಿದ್ದೆ" ಎಂದ. "ಬಾಯ್ಬಿಟ್ಟು ಅಂದಿರ್ಲಿಲ್ಲ. ಕೂಸ್ನ ಮಕ ನೋಡಿ ಹೋದ್ಲು. ಅಷ್ಟಾದ್ರೂ ಆಯ್ತು." ಅವನ ಬಾಯಿಂದ ಅಷ್ಟು ಮಾತು ಕೇಳಿದ್ದು ಅದೊಂದೇ ಸಲ.

ಪಾವಗಡದ ಬಸ್ಸಿಗೆ ಹೊತ್ತಾಗಿತ್ತು. ಕೂಸಿಗೆ ಎರಡು ಬಿಸ್ಕತ್ತು ಕೊಟ್ಟು ಗೇಟಿನವರೆಗೂ ಹೋದೆ. ಅತ್ತೆ ನನ್ನ ಕೈಯನ್ನು ಹಿಡಿದುಕೊಂಡಳು. ಕಡಲೆಗಿಡ ಕಿತ್ತು ಕಿತ್ತು ಗಟ್ಟಿಯಾದ ಕೈ.

"ನಾಳೆ ಇನ್ಯಾರೋ ಬತ್ತಾರೆ, ನಮ್ಮಂಗೆ" ಎಂದಳು. "ಅವ್ರಿಗೂ ನೀನು ಹೇಳ್ಬೇಕಲ್ಲ ತಲ್ಲೀ. ಈ ಹೊರೆ ನಿನ್ ತಲೆ ಮೇಲಿದ್ರೆ ಹೆಂಗೆ ಹೇಳ್ತೀಯ? ಅದ್ಕೇ ಇಸ್ಕೊಂಡು ಹೋಗಾಣ ಅಂತ ಬಂದ್ವಿ."